ಡಬ್ಬಿಗೆ ಹಾಕಿದ ಮೊಟ್ಟೆ

...ಆಯ್ತು ಅಕ್ಕ, ಮಾತಾಡ್ಬೇಡ! ಯಾರು ಮಾತಾಡು ಅಂದ್ರು? ಇಬ್ಬರ ಪಾಲಿಂದೂ ನಾನೇ ಮಾತಾಡ್ತೀನಿ, ನನ್ನ ಬಾಯಿಗೇನು ಬಾಡಿಗೆ ಕೊಡ್ಬೇಕಾ? ಅಮ್ಮನೂ ಹೀಗೇ. ವಾರದಿಂದ ತಟ್ಟೆ ಕುಕ್ತಾಳೆ, ಲೋಟ ಕುಕ್ತಾಳೆ, ಬಾಯಿ ಬಿಡಲ್ಲ. ಮನೇಲಿ ಈಗ ನನ್ನ ಹತ್ರ ಮಾತಾಡೋದು ಅಂದ್ರೆ ಪಾತ್ರೆಗಳೇ.

ಏ, ಆ ಕೈ ಅಲ್ಲಾಡಿಸ್ಬೇಡ ಅಕ್ಕ! ಸೂಜಿ ಸರಿದ್ರೆ ಮಿಷಿನ್ ಕಿರುಚ್ಕೊಳ್ಳುತ್ತೆ. ಆಮೇಲೆ ಸಿಸ್ಟರ್ ಓಡಿಬಂದು ನನ್ನನ್ನೇ ಹಿಡ್ಕೊಳ್ತಾರೆ. "ಏನೋ ಕೋತಿ, ಡಯಾಲಿಸಿಸ್ ರೂಮಲ್ಲೂ ಶುರು ಹಚ್ಕೊಂಡ್ಯಾ?" ಅಂತ.

ನಗು ಬಂತು ತಾನೆ? ಬಂತು, ಬಂತು... ಹೋಯ್ತು. ಸರಿ.

ಅಮ್ಮ ಯಾಕೆ ಬರ್ಲಿಲ್ಲ ಅಂತ ಬಾಗಿಲು ನೋಡ್ತಿದ್ದೀಯಲ್ವಾ? ಬರಲ್ಲ. "ನಿನ್ನಂಥವನನ್ನ ಹೆತ್ತು ಆ ಡಾಕ್ಟರಮ್ಮಂಗೆ ಯಾವ ಮುಖ ತೋರಿಸ್ಲಿ" ಅಂತ ಇವತ್ತೊಂದು ಸಲ ಬಾಯಿ ಬಿಟ್ಟು ನನ್ನನ್ನೇ ಅಟ್ಟಿದ್ಲು. ಹಾಂ, ಅಂದ ಹಾಗೆ... ಡಾಕ್ಟರಮ್ಮ ರೌಂಡ್ಸಿಗೆ ಬಂದ್ರೆ ಮೊಟ್ಟೆ ವಿಷ್ಯ ಎತ್ಬೇಡ. ಪಾಪ, ಉರ್ಕೊಂಡಿದ್ದಾರೆ. ನೆನಪಿಸ್ಬೇಡ. ಆಯ್ತಾ?

ಯಾಕೆ ಹುಬ್ಬು ಏರಿಸ್ತೀಯ? ಮಾಡಿದ್ದು ಮಾಡಿಬಿಟ್ಟೆ, ಮಾರಾಯ್ತಿ! ಕೋತಿ ಕೈಗೆ ಮಾಣಿಕ್ಯ ಕೊಟ್ಟವರದ್ದೂ ತಪ್ಪಲ್ವಾ? ನಿಂಗೆ ಕಿಡ್ನಿ ಕೊಡೋಕೆ ನಂಗೆ ಹದಿನೆಂಟು ತುಂಬೋದನ್ನೇ ಎಲ್ಲರೂ ಕಾಯ್ತಾ ಕೂತಿದ್ರಿ. ತುಂಬ್ತು. ರಕ್ತ ಹೊಂದ್ತು. ಅವತ್ತಿಂದ ಅಮ್ಮ ನನ್ನನ್ನ ಗಾಜಿನ ಸಾಮಾನು ಮಾಡಿಬಿಟ್ಲು! ಮೆಟ್ಟಿಲು ಇಳಿದ್ರೆ, "ನಿಧಾನ ಕಣೋ, ಒಳಗೆ ಅಕ್ಕನ ಕಿಡ್ನಿ ಇದೆ!" ಅದು ಅಕ್ಕಂದಂತೆ. ನಾನು ಬರೀ ಹೊರೋ ಕತ್ತೆ!

ಉಳಿದಿದ್ದು ಉಚ್ಚೆ ಪರೀಕ್ಷೆ. ಡಬ್ಬಿ ಕೈಗೆ ಕೊಟ್ರು. ಕೊಟ್ಟವರು ಸುಮ್ನೆ ಜೊತೆಗಾದ್ರೂ ನಿಂತಿದ್ರಾ? ಇಲ್ಲ. ಮೊಟ್ಟೆ ಒಡೆದೆ, ಬಿಳಿ ಲೋಳೆ ಒಂದೆರಡು ತೊಟ್ಟು ಡಬ್ಬಿಗೆ ಬಿಟ್ಟೆ, ಕದಡಿ ಕೊಟ್ಟೆ. ಅದು ಬರೀ ಪ್ರೊಟೀನು ತಾನೆ? ಅವರ ಕಾಗದದ ಪಟ್ಟಿ ಗಿಳಿ ಹಸಿರಾಯ್ತು. "ಅಯ್ಯೋ, ಇವನ ಕಿಡ್ನಿನೇ ಸೋರ್ತಿದೆ, ಇವನದು ಬೇಡ" ಅಂತ ಹೆಸರು ಹೊಡೆದುಹಾಕಿದ್ರು. ತಮಾಷೆ! ಬೆಸ್ಟ್ ತಮಾಷೆ! ...ನಗಲ್ವಾ?

ಮತ್ತೆ ಕೊಡು ಅಂತೀಯ. ಗೊತ್ತು. ಅಮ್ಮನೂ ಅದನ್ನೇ ಅಂದ್ಲು, ಕೆನ್ನೆಗೆ ಒಂದು ಬಿಟ್ಟು ಆಮೇಲೆ ಅಂದ್ಲು. ಕೊಡಲ್ಲ. ಹೆದರ್ಕೊಂಡೆ ಅಂದ್ಕೋ. ಹೊಟ್ಟೆಗೆ ಕತ್ತರಿ ಹಾಕ್ತಾರೆ ಅಂದ್ರೆ ಯಾರಿಗೆ ಭಯ ಆಗಲ್ಲ? ಪುಕ್ಕಲ ಅಂತ ಹಣೆಗೆ ಬರ್ಕೊಡು, ಅದನ್ನೇ ಹೊತ್ಕೊಂಡು ಓಡಾಡ್ತೀನಿ. ನಿನ್ನ ತಮ್ಮ ಪುಕ್ಕಲ. ಆಯ್ತಾ? ಮುಗೀತು.

ಹಾಗೆ ನೋಡ್ಬೇಡ ಅಕ್ಕ... ಬೈದುಬಿಡು. ಅದು ವಾಸಿ.

ಬೇರೆ ಮಾತಾಡೋಣ. ಇದನ್ನ ನೋಡು, ಈ ನಿನ್ನ ಫಿಲ್ಟರು. ನಂಗೆ ಇದ್ರ ಮೇಲೆ ಒಂಥರಾ ಪ್ರೀತಿ. ನಂದೂ ಸೋಸೋ ಕಸುಬೇ ಅಲ್ವಾ, ಜ್ಯೂಸ್ ಅಂಗಡೀಲಿ ದಿನವಿಡೀ ಮಾಡೋದು ಇನ್ನೇನು? ಇದ್ರೊಳಗೆ ಕೂದಲಿನಂಥ ಕೊಳವೆಗಳು, ಸಾವಿರಗಟ್ಲೆ. ಕೊಳವೆ ಒಳಗೆ ನಿನ್ನ ರಕ್ತ ಈ ಕಡೆ ಹೋಗುತ್ತೆ, ಹೊರಗೆ ನೀರು ಎದುರು ದಿಕ್ಕಲ್ಲಿ ಬರುತ್ತೆ. ನಡುವೆ ಗೋಡೆ. ಗೋಡೆಗೆ ಕಣ್ಣಿಗೆ ಕಾಣದ ತೂತು. ಕೊಳೆ ರಕ್ತದಲ್ಲಿ ಜಾಸ್ತಿ, ನೀರಲ್ಲಿ ಇಲ್ವೇ ಇಲ್ಲ. ಜಾಸ್ತಿ ಇರೋ ಕಡೆಯಿಂದ ಇಲ್ಲದ ಕಡೆಗೆ ತಾನಾಗೇ ನುಸುಳ್ಕೊಂಡು ಹೋಗುತ್ತೆ. ಯಾರೂ ದಬ್ಬೋದೇ ಬೇಡ, ತುಂಬಿದ ಬಸ್ಸಿಂದ ಖಾಲಿ ಬಸ್ಸಿಗೆ ಜನ ಹಾರ್ದಂಗೆ! ರಕ್ತಕಣ ದಡೂತಿ, ಅದು ತೂತಲ್ಲಿ ತೂರಲ್ಲ, ಒಳಗೇ ಉಳಿಯುತ್ತೆ.

ನಮ್ಮೊಳಗಿನ ಕಿಡ್ನೀಲಿ ಹಾಗಲ್ಲ. ಅಲ್ಲಿ ದಬ್ಬಾಟವೇ. ಹೃದಯ ಒತ್ತಿದ ಒತ್ತಡದಲ್ಲೇ ನೀರು ಗೋಡೆ ದಾಟೋದು. ಜಾಲರಿಗೆ ಹಣ್ಣಿನ ರಸ ಹಾಕಿ ಸೌಟಲ್ಲಿ ಒತ್ತಿದ ಹಾಗೆ. ಜಾಸ್ತಿ ಒತ್ತಿದ್ಯೋ, ಜಾಲರಿ ಹರೀತು, ಬೀಜ ಸಿಪ್ಪೆ ಎಲ್ಲ ಲೋಟಕ್ಕೆ! ಅದಕ್ಕೇ ನಿಂಗೆ ಬಿಪಿ, ಬಿಪಿ ಅಂತ ಬಡ್ಕೊಳ್ಳೋದು. ಇನ್ನೊಂದು ಮಜಾ ಕೇಳು. ರಕ್ತದಲ್ಲಿ ಆಲ್ಬುಮಿನ್ ಅಂತ ಒಂದು ಪ್ರೊಟೀನಿದೆ. ಅದೇನು ಅಷ್ಟು ದೊಡ್ಡದಲ್ಲ, ಮನಸ್ಸು ಮಾಡಿದ್ರೆ ತೂರ್ಕೊಂಡುಬಿಡಬಹುದು. ಆದ್ರೆ ಗೋಡೆಗೂ ಅದಕ್ಕೂ ಒಂದೇ ಥರದ ಕರೆಂಟು, ಅತ್ತೆ ಸೊಸೆ ಇದ್ದಂಗೆ, ಹತ್ರ ಬಂದ್ರೆ ದೂಕುತ್ತೆ! ಗೋಡೆ ಕೆಟ್ಟಾಗ ಆ ಜಗಳ ನಿಂತುಹೋಗುತ್ತೆ. ಜಗಳ ನಿಂತ್ರೆ ಮನೆಗೆ ಒಳ್ಳೇದು ಅಂತೀವಿ. ಇಲ್ಲಿ ಕೆಟ್ಟದ್ದು. ಆಲ್ಬುಮಿನ್ ನೀಟಾಗಿ ಬಾಗಿಲು ದಾಟಿ ಉಚ್ಚೆಗೆ ಬಂದುಬಿಡುತ್ತೆ. ನೊರೆ ಬರುತ್ತೆ, ನೊರೆ! ಸೋಪು ಕದಡಿದಂಗೆ. ನೀರು ಹಾಕಿದ್ರೂ ಹೋಗಲ್ಲ, ಬೆಳಿಗ್ಗೆ ಎದ್ದು ನೋಡಿದ್ರೆ...

ಏನು? ಏನು ಹಾಗೆ ನೋಡೋದು?

ಒಂಬತ್ತನೇ ಕ್ಲಾಸಲ್ಲಿ ಎರಡು ಸಲ ಡುಮ್ಕಿ ಹೊಡೆದು ಬಿಟ್ಟವನಿಗೆ ಇದೆಲ್ಲ ಹೇಗೆ ಗೊತ್ತು ಅಂತನಾ? ಡಾಕ್ಟರಮ್ಮನೇ ಹೇಳಿದ್ರು. ಚಿತ್ರ ಬರೆದು ಹೇಳಿದ್ರು. ಕುರ್ಚಿ ಹಾಕಿ ಕೂರ್ಸಿ, ನೀರು ಕುಡಿಸಿ... ಅಂದ್ರೆ, ಬೈತಾ ಹೇಳಿದ್ರು. ಬೈಯೋರು ನೀರು ಕೊಡಲ್ವಾ? ಕೊಡ್ತಾರಪ್ಪ, ಒಳ್ಳೆಯವರಾದ್ರೆ ಕೊಡ್ತಾರೆ.

ಎಲ್ಲಿ ನೋಡ್ತಿದ್ದೀಯ? ಕೆಳಗೇನಿದೆ?

ಚಪ್ಪಲಿನಾ? ಅಪ್ಪಂದು. ನಂದು ಕಿತ್ತೋಯ್ತು... ಅದಕ್ಕೆ ಹಾಕ್ಕೊಂಡ್ಬಂದೆ. ಸ್ವಲ್ಪ ದೊಡ್ಡದು, ಆರಾಮಾಗಿದೆ. ಅಂಗಡೀಲಿ ದಿನವಿಡೀ ನಿಂತೇ ಇರ್ತೀನಲ್ಲ, ಯಾರಿಗಾದ್ರೂ ಕಾಲು ಊದ್ಕೊಳ್ಳುತ್ತೆ. ಆ ಅಂಗಡಿ ಯಜಮಾನನ ಕಾಲು ನೋಡಿದ್ರೆ ನೀನು ಆನೆ ಅಂದುಬಿಡ್ತೀಯ!

ಬೇಡ. ಬಗ್ಬೇಡ. ಅಕ್ಕ, ಬಗ್ಬೇಡ ಅಂದೆ ಅಲ್ವಾ, ಸೂಜಿ ಇದೆ ಆ ಕೈಯಲ್ಲಿ! ಸಿಸ್ಟ... ಏನಿಲ್ಲ ಸಿಸ್ಟರ್, ಸುಮ್ನೆ, ಅಕ್ಕ ತಮ್ಮ ಜಗಳ!

ಹಟ ಮಾಡ್ಬೇಡ. ಹುಟ್ಟಿದಾಗಿಂದ ಹಟಮಾರಿ ನೀನು... ಆಯ್ತು. ಆಯ್ತು, ಬಗ್ಬೇಡ. ಕಾಲನ್ನ ನಾನೇ ಮೇಲೆ ಇಡ್ತೀನಿ. ತಗೋ. ನೋಡ್ಕೋ. ಸಮಾಧಾನನಾ?

ಅಕ್ಕ.

ಮೊಟ್ಟೆ ಇರ್ಲಿಲ್ಲ.

ಡಬ್ಬಿ ಕೊಟ್ರು, ತುಂಬ್ಸಿಕೊಟ್ಟೆ, ಅಷ್ಟೇ. ಮತ್ತೊಮ್ಮೆ ಕೊಡು ಅಂದ್ರು, ಕೊಟ್ಟೆ. ಮತ್ತೂ ಒಮ್ಮೆ. ಗಿಳಿ ಹಸಿರೇ. ನಿಂಗಿರೋದೇ ನಂಗೂ ಇರಬಹುದಂತೆ, ಈಗಿನ್ನೂ ಶುರುವಂತೆ, ಮಾತ್ರೆ ತಗೊಂಡ್ರೆ ನಿಧಾನ ಮಾಡಬಹುದಂತೆ. ಅಮ್ಮನನ್ನ ಕರ್ಕೊಂಡ್ಬಾ ಅಂದ್ರು. ಹೇಗೆ ಕರ್ಕೊಂಡ್ಬರ್ಲಿ? ನೀನೇ ಹೇಳು. ಮಗ ತರಲೆ ಅಂದ್ರೆ ಅಮ್ಮ ಬೈತಾಳೆ, ಹೊಡೀತಾಳೆ, ಆಮೇಲೆ ತಟ್ಟೆ ಕುಕ್ಕಿ ಊಟ ಹಾಕ್ತಾಳೆ. ಇದನ್ನ ಹೇಳಿದ್ರೆ ತಟ್ಟೆ ಎತ್ತೋಕೂ ಅವಳ ಕೈಲಾಗಲ್ಲ...

ನಿಂಗೆ ಕೊಡಕ್ಕಾಗ್ಲಿಲ್ಲ ಅಂತ... ಕೊಡಲ್ಲ ಅಂದಿದ್ದಲ್ಲ ಅಕ್ಕ, ದೇವರಾಣೆ. ಇಟ್ಕೊಂಡು ಕೊಡದೆ ಇದ್ದಿದ್ದಲ್ಲ.

ಏ, ಅಳ್ಬೇಡ. ಬಿಪಿ ಏರುತ್ತೆ. ಒಂದು ಜೋಕ್ ಹೇಳ್ಲಾ?

ಕಾಲನ್ನ ಅಷ್ಟು ಜೋರಾಗಿ ಒತ್ಬೇಡ, ಸಾಕು. ನಾನು ಆ ಕಡೆ ತಿರುಗ್ತೀನಿ, ನಂಗೆ ನೋಡಕ್ಕಾಗಲ್ಲ. ಒತ್ತಿದ ಜಾಗ ತಾನಾಗೇ ಮೇಲೇಳುತ್ತೆ ಬಿಡು, ಚರ್ಮ ತಾನೆ. ಎದ್ದೇ ಏಳುತ್ತೆ.

ಬೆರಳು ತೆಗಿ ಅಕ್ಕ. ಈಗ ನೋಡ್ತೀನಿ, ಬೆರಳು ತೆಗಿ.

...ಗುಳಿ ಹಾಗೇ ಇದೆ. ಬೆರಳು ತೆಗೆದು ಆಗ್ಲೇ ಎಷ್ಟು ಹೊತ್ತಾಯ್ತು?