ಬೇಗ ಬಂದು ಹೋದ ಬೇವಿನ ಹೂವು

ನೋಡಿ, ಒಂದೂರಲ್ಲಿ ಒಬ್ಬ ಶ್ರೀಮಂತ ಇದ್ದ. ಯಾವ ಊರು ಅಂತ ಕೇಳಬೇಡಿ, ಹೇಳಿದರೆ ನಿಮಗೇ ಮುಜುಗರ. ಅವನಿಗೆ ಕಾವ್ಯದ ಹುಚ್ಚು. ಪ್ರತಿ ಯುಗಾದಿಗೆ ಅಂಗಳದ ಬೇವಿನ ಮರದ ಕೆಳಗೆ ಶಾಮಿಯಾನ ಹಾಕಿಸಿ ಕವಿಗೋಷ್ಠಿ ನಡೆಸುತ್ತಿದ್ದ. ಗೋಷ್ಠಿ ಮುಗಿದ ಮೇಲೆ ಎಲ್ಲರಿಗೂ ಆ ಮರದ್ದೇ ಹೂವು ಕಲಸಿದ ಬೇವು-ಬೆಲ್ಲ.

ಆ ವರ್ಷ ಅವನೊಂದು ಪಂದ್ಯ ಇಟ್ಟ. "ಕಾವ್ಯ ಅಂದ್ರೆ ಏನು? ಒಂದೇ ಮಾತಲ್ಲಿ ಹೇಳಿ. ಒಪ್ಪಿಗೆಯಾದ್ರೆ ಈ ಶಾಲು ನಿಮ್ದು."

ಒಬ್ಬ ಕವಿ ಪ್ರಾಸ ಅಂದ. ಇನ್ನೊಬ್ಬ ರಸ ಅಂದ. ಮೂರನೆಯವನು ಅರ್ಧ ಗಂಟೆ ವಿವರಿಸಿದ, ಆ ಒಂದು ಮಾತು ಮಾತ್ರ ಬರಲಿಲ್ಲ. ನಾಲ್ಕನೆಯವನು, ಒಳ್ಳೆಯವನೇ ಪಾಪ, ಹವಾಮಾನ ಬದಲಾವಣೆಯ ಮೇಲೆ ನಾಲ್ಕು ಪುಟದ ಕವನ ಓದಿದ. ಇಷ್ಟು ಡಿಗ್ರಿ ಏರಿತು, ಅಷ್ಟು ಟನ್ ಹೊಗೆ ಬಂತು! ಜನ ಆಕಳಿಸಿ, ಹೋಳಿಗೆಯ ವಾಸನೆ ಬರುವ ಕಡೆ ಮೂಗು ತಿರುಗಿಸಿದರು. ಐದನೆಯವನು ಎದ್ದು 'ಬೇವು ಹೂಬಿಟ್ಟು ನಗುತಿದೆ ಮೇಲೆ' ಅಂತ ಹಾಡಿದ. ಚಪ್ಪಾಳೆಯೋ ಚಪ್ಪಾಳೆ! ಯಾರಾದರೂ ಮೇಲೆ ನೋಡಿದರೇ? ಇಲ್ಲ!

ಅಷ್ಟರಲ್ಲಿ ಅಡುಗೆಯವಳು ಬರಿಗೈಯಲ್ಲಿ ಬಂದು ನಿಂತಳು. ಇಪ್ಪತ್ತು ವರ್ಷದಿಂದ ಆ ಮನೆಯ ಬೇವು-ಬೆಲ್ಲ ಕಲಸಿದವಳು ಅವಳೇ.

"ಬರೀ ಬೆಲ್ಲ ಹಂಚ್ಬೇಕಾಗುತ್ತೆ ಯಜಮಾನ್ರೇ. ಹೂವಿಲ್ಲ."

ಶ್ರೀಮಂತ ಕೆಂಡವಾದ. "ಹಬ್ಬದ ದಿನ ನನ್ನ ಮಾನ ಕಳೀತೀಯಾ? ಮರ ಇಲ್ಲೇ ಇದೆ, ಹೂವು ಬಿಡಿಸ್ಕೊಳ್ಳೋಕೆ ಏನು ರೋಗ? ಹೂವು ತರ್ದೇ ಹೋದ್ರೆ ನಾಳೆಯಿಂದ ಕೆಲ್ಸಕ್ಕೆ ಬರ್ಬೇಡ!"

ಅವಳ ಕಣ್ಣು ತುಂಬಿತು. ಆದರೂ ತಲೆ ತಗ್ಗಿಸಲಿಲ್ಲ.

"ಈ ಸಲ ಹೂವು ಶಿವರಾತ್ರಿಗೂ ಮುಂಚೇನೇ ಬಂದಿತ್ತು. ಬೇಸ್ಗೆ ಬೇಗ ಸುರುವಾಯ್ತಲ್ಲ, ಯುಗಾದಿ ಬಂತು ಅಂದ್ಕೊಂಡ್ಬಿಡ್ತು ಮರ. ಪಾಪ, ಹೊಸ ಬಟ್ಟೆ ಉಟ್ಕೊಂಡು ಹಬ್ಬಕ್ಕೆ ಬಂದ್ರೆ, ಮನೇಲಿ ಯಾರೂ ಎದ್ದೇ ಇರ್ಲಿಲ್ಲ. ಹೂವೆಲ್ಲ ಅಂಗಳದಲ್ಲಿ ಉದುರ್ತು. ನೀವು ತುಳ್ಕೊಂಡು ಓಡಾಡಿದ್ರಿ, ನಾನು ಗುಡಿಸಿ ಹಾಕ್ದೆ."

ಸಭೆಯಲ್ಲಿದ್ದವರು ಒಬ್ಬೊಬ್ಬರೇ ಎದ್ದು, ಶಾಮಿಯಾನದಿಂದ ಕತ್ತು ಹೊರಗೆ ಹಾಕಿ ಮೇಲೆ ನೋಡಿದರು. ಹೂವೆಲ್ಲಿ? ಬರೀ ಹಸಿರು ಕಾಯಿ! ನಾಲ್ಕನೆಯ ಕವಿ ತನ್ನ ನಾಲ್ಕು ಪುಟ ಮಡಚಿ ಜೇಬಿಗಿಟ್ಟ.

ಶ್ರೀಮಂತನಿಗೆ ನಾಚಿಕೆಯಾಯಿತು. "ನನ್ನದು ತಪ್ಪಾಯ್ತಮ್ಮಾ. ಇಷ್ಟು ಜನಾನ ಕತ್ತೆತ್ತಿ ನೋಡೋ ಹಾಗೆ ಮಾಡ್ದೆ ನೋಡು, ಅದೇ ಕಾವ್ಯ" ಅಂತ ಶಾಲು ಹೊದಿಸಿದ.

ಅವಳು ಸೆರಗಲ್ಲಿ ಬೆವರು ಒರೆಸಿಕೊಂಡು ಕೇಳಿದಳು: "ಈ ಸೆಕೇಲಿ ಶಾಲೇ, ಯಜಮಾನ್ರೇ?"

ನಗುತ್ತೀರಿ. ನಗಿ, ನಗಿ. ಈಗ ಹೇಳಿ, ನಿಮ್ಮ ಮನೆ ಮುಂದಿನ ಮರ ಇವತ್ತು ಹೂವು ಬಿಟ್ಟಿದೆಯಾ, ಕಾಯಿ ಕಟ್ಟಿದೆಯಾ? ಗೊತ್ತಿದ್ದವರು ಕೈ ಎತ್ತಿ. ಅಯ್ಯೋ, ಹಿಂದಿನ ಸಾಲಿನ ಆ ತಾಯಿ ಒಬ್ಬರೇ!

ನೋಡದೇ ಇರುವ ಮರಕ್ಕಾಗಿ ಯಾರು ತಾನೇ ತಮ್ಮ ಸುಖ ಬಿಟ್ಟುಕೊಟ್ಟಾರು? ದಿನಾ ಬೆಳಿಗ್ಗೆ ಫೋನು ನೋಡುವ ಮೊದಲು ಒಂದು ಮರ ನೋಡಿ. ಕಂಡದ್ದನ್ನು ಕಂಡ ಹಾಗೆ ಪಕ್ಕದ ಮನೆಯವರಿಗೆ ಹೇಳಿ, ಡಿಗ್ರಿ ಲೆಕ್ಕ ಬೇಡ. ಆಮೇಲೆ ಹೊಗೆ ಉಗುಳುವ ಗಾಡಿಯ ಕೀಲಿ ಕೈಗೆತ್ತಿಕೊಳ್ಳುವಾಗ ನಿಮ್ಮ ಕೈ ತಾನಾಗಿ ಒಂದು ಗಳಿಗೆ ನಿಲ್ಲುತ್ತದೆ. ಎರಡು ಬೀದಿ ದಾಟಿ ಈ ಕಥೆ ಕೇಳಲು ಇವತ್ತು ಯಾರ್ಯಾರು ಕಾರಲ್ಲಿ ಬಂದಿರಿ ಅಂತ ನಾನು ನೋಡಿದ್ದೇನೆ. ಹೆಸರು ಹೇಳುವುದಿಲ್ಲ. ನಾಳೆ ನಡೆದು ಬನ್ನಿ.