ಕಿಟಕಿಯ ಮೇಲಿನ ರಜಾಯಿ

ಇಂಗ್ಲೆಂಡಿನ ಪೂರ್ವ ತೀರದ ಆ ಬಂದರಿನಲ್ಲಿ ಮಳೆ ಹಿಡಿದರೆ ಮೂರು ದಿನ ಬಿಡುವುದಿಲ್ಲ. ಅಂದು ಸಂಜೆಯ ಚಹಾಕ್ಕೆ ನಾವು ಹೆಟ್ಟಿ ಅಜ್ಜಿಯ ಅಡುಗೆಮನೆಯಲ್ಲಿ ಒಲೆಯ ಸುತ್ತ ಸೇರಿದ್ದೆವು. ಅವರ ಮಹಡಿಯ ಕೋಣೆಗೆ ನಾನು ಬಾಡಿಗೆಗೆ ಬಂದು ವಾರವಾಗಿತ್ತು. ಪಕ್ಕದ ಮನೆಯ ಮುದಿ ಮೀನುಗಾರ ಏಮೋಸ್ ತಾತ ಬ್ರೆಡ್ಡಿಗೆ ಬೆಣ್ಣೆ ಬಳಿಯುತ್ತಿದ್ದರು.

"ಅಜ್ಜಿ, ನಾನು ಮುಖ ತೊಳೆದು ಬರೋದ್ರೊಳಗೆ ದಿನಾ ನನ್ನ ರಜಾಯಿನ ಕಿಟಕಿ ಮೇಲೆ ಗಾಳಿಗೆ ಹಾಕ್ತೀರಲ್ಲ, ಯಾಕೆ ಸುಮ್ನೆ ತೊಂದ್ರೆ ತಗೋತೀರಿ?" ಎಂದೆ.

ತಾತನ ಚಾಕು ನಿಂತಿತು. ಅಜ್ಜಿ ನಕ್ಕು, ನನ್ನ ಬಟ್ಟಲಿಗೆ ಇನ್ನಷ್ಟು ಚಹಾ ಸುರಿದರು.

"ಕೂತ್ಕೋ ಮಗಾ, ಹೇಳ್ತೀನಿ... ಯುದ್ಧದ ಎರಡನೇ ವರ್ಷ. ನನ್ನ ಗಂಡ ವಾಲ್ಟರ್ ಸಮುದ್ರದಲ್ಲಿ ಜರ್ಮನರು ಬಿಟ್ಟ ಸಿಡಿಗುಂಡು ತೆಗೆಯೋ ದೋಣೀಲಿದ್ದ, ಹಡಗುಗಳ ಗುಂಪು ಹೊರಟಾಗೆಲ್ಲ ಎಲ್ಲರಿಗಿಂತ ಮುಂದೆ ಅವನೇ. ಆ ತಿಂಗಳು ಎರಡು ಸಲ, ಹಡಗು ಬಂದರು ಬಿಟ್ಟ ಗಳಿಗೆಗೇ ಜರ್ಮನ್ ವಿಮಾನ ಬಂದ್ವು. ಯಾರು ಹೇಳ್ತಿದ್ರು ಅವ್ರಿಗೆ? ಮಹಡೀಲಿ ಕ್ರೇನ್ ಅಂತ ಒಬ್ಬ ಬಾಡಿಗೆಗಿದ್ದ. ಯಾರ್ಕ್‌ಷೈರ್‌ನೋನು, ಎದೆ ಕಾಯಿಲೆ, ಸಮುದ್ರದ ಗಾಳಿಗೆ ಬಂದೆ ಅಂದ. ಮಾತು, ನಡಿಗೆ, ಎಲ್ಲಾ ನಮ್ದೇ. ಆದ್ರೆ ಬೆಳಿಗ್ಗೆ ಏಳು ಹೊಡೆದ್ರೆ ಸಾಕು, ರಜಾಯಿ ತಂದು ಬೀದಿ ಕಡೆ ಕಿಟಕಿಗೆ ನೇತಾಕೋನು! ನಮ್ಮ ಬೀದೀಲಿ ಹಾಗೆ ಯಾರಾದ್ರೂ ಮಾಡ್ತಾರಾ? ಹಾಸಿಗೆ ಒಣಗಿಸೋದೇನಿದ್ರೂ ಹಿತ್ತಲಲ್ಲಿ. ಈ ಏಮೋಸೇ ಕೂಗಿದ್ದ, ‘ಏನ್ ಹೆಟ್ಟಿ, ನಿಮ್ಮ ಬಾಡಿಗೆಯೋನು ಹಾಸಿಗೆ ಒದ್ದೆ ಮಾಡ್ಕೋತಾನಾ?’ ಅಂತ."

"ಇಡೀ ಬೀದಿ ನಕ್ಕಿತ್ತು," ಎಂದರು ತಾತ. ಈಗ ಅವರು ನಗಲಿಲ್ಲ.

"ನಾಚಿಕೆ ತಡೀಲಾರ್ದೆ ಪೊಲೀಸಿನಲ್ಲಿದ್ದ ನನ್ನ ತಮ್ಮನ ಹತ್ರ ಹೇಳ್ಕೊಂಡೆ... ಮಾರನೇ ದಿನ ಲಂಡನ್ನಿಂದ ಒಬ್ಬರು ಬಂದ್ರು, ಗೂಢಚಾರರನ್ನ ಹಿಡಿಯೋರು. ‘ಅಮ್ಮಾ, ನಾನು ಜರ್ಮನೀಲಿ ಓದಿದೋನು, ಅಲ್ಲಿ ಮನೆಮನೇಲೂ ಹೀಗೇ ಹಾಕ್ತಾರೆ. ಆದ್ರೆ ಇಷ್ಟಕ್ಕೇ ಯಾರನ್ನೂ ಹಿಡಿಯೋಕಾಗಲ್ಲ. ಒಂದು ಸುಳ್ಳು ಹೇಳ್ತೀರಾ?’ ಅಂದ್ರು. ಹೇಳ್ದೆ. ತಿಂಡಿ ಬಡಿಸ್ತಾ ಕ್ರೇನ್ ಒಬ್ಬನಿಗೇ, ‘ವಾಲ್ಟರ್ ಗುರುವಾರ ಎಂಟಕ್ಕೆ ಹೊರಡ್ತಾನೆ’ ಅಂದೆ. ವಾಲ್ಟರ್, ಹಡಗಿನೋರು ಎಲ್ಲಾ ಬುಧವಾರ ರಾತ್ರೀನೇ ದೀಪ ಆರಿಸ್ಕೊಂಡು ಜಾರ್ಕೊಂಡಿದ್ರು. ಗುರುವಾರ ಎಂಟಕ್ಕೆ ವಿಮಾನ ಬಂದ್ವು ನೋಡು... ಖಾಲಿ ಸಮುದ್ರಕ್ಕೆ ಬಾಂಬ್ ಸುರಿದು ಹೋದ್ವು. ಮೀನು ಸತ್ವು, ನನ್ನ ವಾಲ್ಟರ್ ಉಳ್ಕೊಂಡ. ಮಹಡಿ ಹಲಗೆ ಕೆಳಗೆ ರೇಡಿಯೋ ಸಿಕ್ತು. ಕೈಗೆ ಕೋಳ ಹಾಕಿದಾಗ ಕ್ರೇನ್ ನನ್ನನ್ನೇ ನೋಡಿ, ‘ಯಾವುದರಿಂದ ಗೊತ್ತಾಯ್ತಮ್ಮಾ?’ ಅಂದ. ‘ರಜಾಯಿ’ ಅಂದೆ. ‘ನಮ್ಮಮ್ಮ ಕಲಿಸಿದ್ದು’ ಅಂತ ತಲೆ ತಗ್ಗಿಸ್ದ. ಚಳಿಗಾಲದಲ್ಲಿ ಗಲ್ಲಿಗೆ ಹಾಕಿದ್ರು... ಮಾರನೇ ಬೆಳಿಗ್ಗೆ ಏಳಕ್ಕೆ, ಬೀಗ ಹಾಕಿದ್ದ ಕೋಣೆಯ ರಜಾಯಿ ಕಿಟಕಿ ಮೇಲಿತ್ತು. ಮುಟ್ಟಿ ನೋಡ್ದೆ. ಈಗಷ್ಟೇ ಯಾರೋ ಎದ್ದು ಹೋದ ಹಾಗೆ ಬೆಚ್ಚಗಿತ್ತು."

"ಭಯ ಆಗ್ಲಿಲ್ವಾ ಅಜ್ಜಿ?"

"ಯಾಕಾಗ್ಬೇಕು? ನನ್ನ ಗಂಡ ಇನ್ನೂ ಮೂವತ್ತು ವರ್ಷ ನನ್ನ ಜತೆ ಬಾಳಿದ. ಆ ತಾಯಿಯ ಮಗನಿಗೆ ಬಾಳೇ ಇಲ್ದಂಗಾಯ್ತು. ಹಾಸಿಗೆ ಒಣಗಿಸ್ತಾನೆ ಅಂದ್ರೆ ಒಣಗಿಸ್ಲಿ, ಪಾಪ. ಅಚ್ಚುಕಟ್ಟಾದ ಹುಡುಗ."

ಅಜ್ಜಿ ತೃಪ್ತಿಯಿಂದ ಬಟ್ಟಲು ಬರಿದು ಮಾಡಿ, ಮೊಣಕಾಲು ನೀವಿಕೊಂಡರು.

"ಈ ಕಾಲಿಟ್ಕೊಂಡು ನಾನು ಮಹಡಿ ಹತ್ತಿ ಆರು ವರ್ಷ ಆಯ್ತು ಮಗಾ... ನಾಳೆ ಭಾನುವಾರ, ತಡವಾಗಿ ಏಳೋಣ ಅನ್ಕೋಬೇಡ. ಏಳು ಹೊಡೆದ ಮೇಲೆ, ಯಾರಾದ್ರೂ ಹೊದ್ದು ಮಲಗಿದ್ರೂ, ಅವನು ಎಳ್ಕೋತಾನೆ."