ಕೊಕ್ಕೆಯ ಎತ್ತರ

ಬೆಳಿಗ್ಗೆ ಹತ್ತೂಕಾಲಿಗೆ ತಗಡು ಕತ್ತರಿಸುವ ಅಂಗಡಿಯ ಸರದಿಯಲ್ಲಿ ಮೊದಲು ಗಡಿಯಾರ ರಿಪೇರಿಯ ಮುದುಕರು, ಅವರ ಹಿಂದೆ ಪ್ರಯೋಗಾಲಯದ ಸಹಾಯಕಿ ನಿಂತಿದ್ದರು. ಕಾಡುದಾರಿಯ ತಿರುಗಾಟಕ್ಕೆಂದು ಮನೆಯಲ್ಲೇ ಕಟ್ಟುತ್ತಿದ್ದ ಟ್ರೇಲರಿನ ನಕ್ಷೆಯನ್ನು ಮುದುಕರು ವೆಲ್ಡರನ ಮುಂದೆ ಹರಡಿದರು.

"ಯಜಮಾನ್ರೇ, ಒಳಗೆ ಎರಡು ಹಾಸಿಗೆ ಯಾಕೆ?"

"ಒಂದು ನನಗೆ, ಇನ್ನೊಂದು ಭಾವನಿಗೆ."

"ಎಳೆಯೋ ಜೀಪು?"

"ಅವನದೇ."

"ಅವರು ಜೀಪು ಮಾರಿ ಮಗಳ ಮನೆ ಸೇರಿ ಮೂರು ತಿಂಗಳಾಯ್ತಲ್ಲ!"

"ಗೊತ್ತಪ್ಪ."

"ಮತ್ತೆ ನಿಮ್ಮ ಸೈಕಲ್ಲಿಗೆ ಕಟ್ತೀರಾ?"

ಮುದುಕರು ನಕ್ಕರು.

"ಗಾಡಿಗೆ ಸಿಕ್ಕಿಸೋ ಕೊಕ್ಕೆ ಆಮೇಲೆ ಹಾಕೋಣ. ಬೇರೆ ಗಾಡಿ ಬಂದ್ಮೇಲೆ ಎತ್ತರ ಅಳೆದು ಹೇಳಿ," ಎಂದ ವೆಲ್ಡರ್.

"ಬೇಡ, ಈಗ್ಲೇ ಹಾಕು. ಹದಿನೆಂಟು ಇಂಚು."

"ಅದು ಆ ಜೀಪಿನ ಅಳತೆ."

"ಹೌದು, ನಾನೇ ಅಳೆದಿದ್ದೆ."

ಅವರು ನಕ್ಷೆ ಸುತ್ತಿಕೊಂಡು ಹೊರಡುವ ಮುನ್ನ ಸಹಾಯಕಿ ಕಂಡದ್ದಿಷ್ಟು: ಕೊಕ್ಕೆಯ ಅಳತೆಯಿದ್ದ ಜಾಗದಲ್ಲಿ ಅಳಿಸಿ ಅಳಿಸಿ ಕಾಗದ ತೆಳುವಾಗಿತ್ತು, ಅದರ ಮೇಲೆ ಮತ್ತೆ ಹದಿನೆಂಟೆಂದೇ ಬರೆದಿತ್ತು.